ಬೀದರ್‌ನ ಚೌಬಾರಾ ಗಡಿಯಾರಕ್ಕೆಂದೇ ಕಟ್ಟಿದ್ದಾ?

ಓದುಗರ ಪ್ರಶ್ನೆ: ಬೀದರ್ ಹಳೇ ಊರಿನ ನಡುವೆ ಇರುವ ಚೌಬಾರಾವನ್ನು ಎಷ್ಟೋ ಜನ ಕ್ಲಾಕ್ ಟವರ್ ಅಂತಾರೆ. ಸುಲ್ತಾನರ ಕಾಲದಲ್ಲೇ ಅಲ್ಲಿ ಗಡಿಯಾರ ಇತ್ತಾ?

ಉತ್ತರ: ಇರಲಿಲ್ಲ. ಗಡಿಯಾರ ಕೂರಿಸಿದ್ದು ತುಂಬಾ ಆಮೇಲೆ. ಚೌಬಾರಾ ಹುಟ್ಟಿದ್ದು ಕಾವಲಿಗೆ.

ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಚೌಬಾರಾವನ್ನೂ ಅವನೇ ಕಟ್ಟಿಸಿದ ಎಂದು ಹೇಳುತ್ತಾರೆ. ದುಂಡನೆಯ ಗೋಪುರ, ಎತ್ತರ 71 ಅಡಿ. ಒಳಗೆ ಸುತ್ತಿಕೊಂಡು ಮೇಲೇರುವ 80 ಮೆಟ್ಟಿಲುಗಳಿವೆ. ಬುಡದ ಸುತ್ತ ಕಮಾನಿನ ಗೂಡುಗಳು.

ಕಾವಲಿಗೆ ಅಂದ್ರೆ ಕೋಟೆ ಗೋಡೆಯ ಮೇಲೆ ಕಟ್ಟಬಹುದಿತ್ತಲ್ಲ, ಊರ ನಡುವೆ ಯಾಕೆ? ಗೋಡೆಯ ಬುರುಜಿನಲ್ಲಿ ನಿಂತವನಿಗೆ ಕಾಣುವುದು ಅವನ ಪಕ್ಕದ ಬಯಲು ಮಾತ್ರ. ಚೌಬಾರಾ ನಿಂತಿರುವುದು ನಾಲ್ಕು ದಾರಿ ಕೂಡುವ ಜಾಗದಲ್ಲಿ. ಬೀದರ್ ಇರುವುದೇ ಎತ್ತರದ ನೆಲದ ಮೇಲೆ. ಅದರ ಮೇಲೆ ಇನ್ನೂ 71 ಅಡಿ ಏರಿದರೆ ಕೋಟೆ, ಬೀದಿಗಳು, ಸುತ್ತಲಿನ ಬಯಲು ಎಲ್ಲಾ ಕಣ್ಣಿಗೆ ಬೀಳುತ್ತವೆ. ಹೊರಗಿನ ದಂಡಿನ ಮೇಲೆ ಎಷ್ಟೋ, ಊರೊಳಗಿನ ಗಲಾಟೆ ಮೇಲೂ ಅಷ್ಟೇ ಕಣ್ಣಿಡಬಹುದಿತ್ತು ಅಂತ ನನಗನಿಸುತ್ತದೆ. ದಂಡಿನ ಭಯವೇನೂ ಸುಮ್ನೆ ಅಲ್ಲ. 1462ರಲ್ಲಿ ಮಾಳ್ವದ ಸುಲ್ತಾನ ಮಹಮೂದ್ ಖಿಲ್ಜಿ ಬೀದರ್‌ಗೇ ಬಂದು ಮುತ್ತಿಗೆ ಹಾಕಿದ್ದ.

ಚೌಬಾರಾ ನೋಡಿದವರು ಅಲ್ಲಿಂದಲೇ ವಾಪಸ್ ಹೋಗಬೇಡಿ. ಕೋಟೆ ಕಡೆಯ ರಸ್ತೆ ಹಿಡಿದು ಸ್ವಲ್ಪ ನಡೆದರೆ ಮಹಮೂದ್ ಗವಾನ್ ಮದರಸ ಸಿಗುತ್ತದೆ. ಇದು ಎಎಸ್‌ಐ (ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ) ಕಾಯುವ ರಾಷ್ಟ್ರೀಯ ಸ್ಮಾರಕ. ಇರಾನಿನ ಗಿಲಾನ್‌ನಿಂದ ಬಂದು ಇಲ್ಲಿ ವಜೀರನಾದ ಗವಾನ್ 1472ರಲ್ಲಿ ಇದನ್ನು ಕಟ್ಟಿಸಿದ. ಮೂರು ಅಂತಸ್ತು, 3,000 ಪುಸ್ತಕಗಳ ಗ್ರಂಥಾಲಯ. ಒಂಬತ್ತು ವರ್ಷಕ್ಕೆ ಸುಲ್ತಾನನೇ ಅವನ ತಲೆ ತೆಗೆಸಿದ. ಅದು ಬೇರೆಯೇ ಕಥೆ.

ಮದರಸದ ಮುಂದೆ ಎರಡು ಮಿನಾರ್ ಇದ್ದವು, ಈಗ ಇರುವುದು ಒಂದೇ. ಔರಂಗಜೇಬನ ಕಾಲದಲ್ಲಿ ಕಟ್ಟಡದೊಳಗೆ ಮದ್ದುಗುಂಡು ತುಂಬಿಟ್ಟಿದ್ದರು. 1696ರಲ್ಲಿ ಅದು ಸಿಡಿದು ಒಂದು ಮಿನಾರ್, ಜೊತೆಗೆ ಮುಂಭಾಗದ ಒಂದಷ್ಟು ಗೋಡೆ ಉರುಳಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚಿನ ಕೆಲಸ ಇನ್ನೂ ಅಲ್ಲಲ್ಲಿ ಇದೆ. ಅದನ್ನು ಸರಿಯಾಗಿ ನೋಡಬೇಕಾದರೆ ಬೆಳಗ್ಗೆ ಹೋಗಿ. ಮದರಸದ ಮುಖ ಪೂರ್ವಕ್ಕಿದೆ, ಮಧ್ಯಾಹ್ನ ದಾಟಿದರೆ ಆ ಕಡೆ ನೆರಳು.