ವಿತ್ತೀಯ ಕೊರತೆ: ಲೆಕ್ಕದ ಒಳಗೆಷ್ಟು, ಹೊರಗೆಷ್ಟು?

ಕಾಂಗ್ರೆಸ್ ದೇಶವನ್ನು ಸಾಲಕ್ಕೆ ನೂಕಿತು ಎನ್ನುವವರೂ, ಬಿಜೆಪಿ ಬಂದ ಮೇಲೇ ಸಾಲ ಬೆಳೆದದ್ದು ಎನ್ನುವವರೂ ಜಗಳಕ್ಕೆ ತರುವ ಅಂಕಿ ಒಂದೇ: ವಿತ್ತೀಯ ಕೊರತೆ. ಸರ್ಕಾರದ ಒಂದು ವರ್ಷದ ಒಟ್ಟು ಖರ್ಚಿನಲ್ಲಿ ತೆರಿಗೆ, ಲಾಭಾಂಶ, ಷೇರು ಮಾರಿದ ದುಡ್ಡು, ಹೀಗೆ ಸಾಲವಲ್ಲದ ಎಲ್ಲ ಜಮೆಯನ್ನೂ ಕಳೆದರೆ ಉಳಿಯುವ ಮೊತ್ತ ಇದು. ಆ ವರ್ಷ ಸರ್ಕಾರ ಹೊಸದಾಗಿ ಎತ್ತಬೇಕಾದ ಸಾಲ ಎಂದರೂ ಸರಿಯೇ. ತಲೆಯ ಮೇಲೆ ಕೂತಿರುವ ಹಳೇ ಸಾಲದ ಗಂಟು ಬೇರೆ. ಎರಡನ್ನೂ ಕಲಸಿ ಮಾತಾಡುವವರೇ ಹೆಚ್ಚು. ಅಂಕಿಯನ್ನು ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ, ಶೇಕಡಾವಾರಿನಲ್ಲಿ ಹೇಳುವುದು ವಾಡಿಕೆ.

ಕೊರತೆಗೆ ಮಿತಿ ಹಾಕುವ ಎಫ್‌ಆರ್‌ಬಿಎಂ ಕಾಯ್ದೆ 2003ರದ್ದು, ವಾಜಪೇಯಿ ಸರ್ಕಾರದ ಕೊಡುಗೆ. 2004ರಲ್ಲಿ ಜಾರಿಗೆ ತಂದದ್ದು ಮನಮೋಹನ್ ಸಿಂಗ್ ಸರ್ಕಾರ. ಅದಕ್ಕೂ ಮೊದಲೇ, 2002ರಲ್ಲಿ, ಇಂಥ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು. ಆಗ ಇದ್ದದ್ದು ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರ. ಶಿಸ್ತು ಯಾವ ಪಕ್ಷದ ಸ್ವತ್ತು ಎಂದು ವಾದಿಸುವವರಿಗೆ ಇಲ್ಲೇ ಸ್ವಲ್ಪ ತೊಡಕು.

ಆ ಕಾಯ್ದೆ ಕೇಂದ್ರಕ್ಕೆ ಇಟ್ಟ ಗುರಿ ಶೇ 3. 2007-08ರಲ್ಲಿ ಕೊರತೆ 2.5ಕ್ಕೆ ಇಳಿದಿತ್ತು. ಮರುವರ್ಷ ಜಾಗತಿಕ ಕುಸಿತ, ರೈತರ ಸಾಲಮನ್ನಾ, ಆರನೇ ವೇತನ ಆಯೋಗ ಎಲ್ಲ ಒಟ್ಟಿಗೆ ಬಂದು 6ಕ್ಕೆ ಏರಿತು, 2009-10ರಲ್ಲಿ 6.5. ಯುಪಿಎ ಹೋಗುವಾಗ, 2013-14ರಲ್ಲಿ, 4.5. ಎನ್‌ಡಿಎ ಅದನ್ನು 2018-19ರ ಹೊತ್ತಿಗೆ 3.4ಕ್ಕೆ ತಂದಿತು. ಕೋವಿಡ್ ವರ್ಷದಲ್ಲಿ, 2020-21ರಲ್ಲಿ, 9.2ಕ್ಕೆ ಜಿಗಿಯಿತು, 2024-25ರಲ್ಲಿ 4.8. ಬರೀ ಈ ಅಂಕಿಗಳ ಸಾಲನ್ನು ಓದಿ ತೀರ್ಪು ಕೊಡುವುದಾದರೆ ಯಾವ ವರ್ಷದಿಂದ ಎಣಿಸುತ್ತೀರಿ ಎಂಬುದರ ಮೇಲೆ ಗೆಲುವು ಬದಲಾಗುತ್ತದೆ. ಆದರೆ ಅಸಲಿ ಕಥೆ ಈ ಸಾಲಿನ ಆಚೆಗಿದೆ.

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಸುಗ್ಗಿಯಲ್ಲಿ ನಿಂತು ನೋಡಿ. ಹಮಾಲರು ಚೀಲ ಇಳಿಸುತ್ತಾರೆ, ತೂಕ ಆಗುತ್ತದೆ, ದಲಾಲಿ ಅಂಗಡಿಯವರು ರೈತನ ಕೈಗೆ ಒಂದು ಚೀಟಿ ಕೊಟ್ಟು ‘ಎಂಟು ದಿನ ಬಿಟ್ಟು ಬಾರಪ್ಪ’ ಅನ್ನುತ್ತಾರೆ. ಅವತ್ತಿನ ನಗದು ಪುಸ್ತಕದಲ್ಲಿ ಒಂದು ಪೈಸೆಯೂ ಖರ್ಚಾಗಿಲ್ಲ, ಅಂಗಡಿ ಬಾಕಿ ಮಾತ್ರ ಬಿದ್ದಿದೆ. ಕೇಂದ್ರದ ಲೆಕ್ಕವೂ ನಗದಿನ ಲೆಕ್ಕವೇ. ಕೈಯಿಂದ ದುಡ್ಡು ಹೊರಗೆ ಹೋಗದಿದ್ದರೆ ಕೊರತೆಗೆ ಸೇರದು. ದೆಹಲಿಯಲ್ಲಿ ಆ ಚೀಟಿಗೆ ಬಾಂಡ್ ಎನ್ನುತ್ತಾರೆ.

ಕಚ್ಚಾ ತೈಲದ ದರ ಏರುತ್ತಾ 2008ರ ಜುಲೈನಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತು. ಪಂಪಿನಲ್ಲಿ ಅಷ್ಟು ಏರಿಸಲು ಯುಪಿಎ ಒಪ್ಪಲಿಲ್ಲ. ತೈಲ ಕಂಪನಿಗಳ ನಷ್ಟಕ್ಕೆ ನಗದಿನ ಬದಲು ಬಾಂಡ್ ಕೊಟ್ಟಿತು. ಸಬ್ಸಿಡಿ ಆ ವರ್ಷದ ಕೊರತೆಯಲ್ಲಿ ಕಾಣಲಿಲ್ಲ; ಅಸಲು, ಬಡ್ಡಿಯ ಹೊರೆ ಮುಂದಿನ ಸರ್ಕಾರಗಳ ಪಾಲಿಗೂ ಬಂತು. ಗೊಬ್ಬರಕ್ಕೂ ಹೀಗೇ ಆಯಿತು. ತೈಲ ಬಾಂಡ್ ಯುಪಿಎ ಕಂಡುಹಿಡಿದದ್ದೇನೂ ಅಲ್ಲ, ವಾಜಪೇಯಿ ಸರ್ಕಾರವೂ ಕೊಟ್ಟಿತ್ತು. ಪ್ರಣವ್ ಮುಖರ್ಜಿ 2010ರ ಬಜೆಟ್‌ನಲ್ಲಿ ಈ ಪದ್ಧತಿಯಿಂದ ಹಿಂದೆ ಸರಿದರು.

2021ರಲ್ಲಿ ಪೆಟ್ರೋಲ್ ನೂರು ದಾಟಿದಾಗ ನಮ್ಮೂರ ಮಂಡಿಯಲ್ಲೂ ಇದೇ ಮಾತು.

‘ಸಾವ್ಕಾರ್ರೆ, ಪೆಟ್ರೋಲು ಯಾವಾಗ್ ಇಳಿಯುತ್ತೆ?’

‘ಹಳೇ ಸರ್ಕಾರ ಮಾಡಿದ ಸಾಲ ತೀರಬೇಕಲ್ಲಪ್ಪ, ಆಯಿಲ್ ಬಾಂಡಿಂದು.’

ಸಾಲ ಇದ್ದದ್ದು ನಿಜ. 2014ರಲ್ಲಿ ಬಾಕಿ ಸುಮಾರು 1.3 ಲಕ್ಷ ಕೋಟಿ, ಬಡ್ಡಿ ವರ್ಷಕ್ಕೆ ಹತ್ತು ಸಾವಿರ ಕೋಟಿಯ ಆಸುಪಾಸು. ಆದರೆ 2020-21 ಒಂದೇ ವರ್ಷ ಪೆಟ್ರೋಲ್, ಡೀಸೆಲ್‌ಗಳ ಮೇಲಿನ ಅಬಕಾರಿ ಸುಂಕದಿಂದ ಕೇಂದ್ರಕ್ಕೆ ಬಂದದ್ದು 3.7 ಲಕ್ಷ ಕೋಟಿಗೂ ಹೆಚ್ಚು. ಬಾಂಡಿನ ಬಡ್ಡಿ ಕಟ್ಟಲೆಂದೇ ಅಷ್ಟು ಸುಂಕ ಎಂಬ ವಾದ ನಿಲ್ಲದು.

ಎನ್‌ಡಿಎ ಹಿಡಿದ ದಾರಿ ಬೇರೆ. ದಾವಣಗೆರೆಯ ನಿಟುವಳ್ಳಿಯಲ್ಲೋ ಕೆಟಿಜೆ ನಗರದಲ್ಲೋ ಹೊಲಿಗೆ ಮಾಡಿ ಬದುಕುವ ಹೆಂಗಸು ತಿಂಗಳಿಗಿಷ್ಟು ಎಂದು ಅಂಚೆ ಕಚೇರಿಯ ಆರ್‌ಡಿಗೆ ಕಟ್ಟುತ್ತಾಳೆ. ಆ ದುಡ್ಡು ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಗೆ ಸೇರುತ್ತದೆ. 2016-17ರಿಂದ ಆ ನಿಧಿ ಭಾರತ ಆಹಾರ ನಿಗಮಕ್ಕೆ ಸಾಲ ಕೊಡತೊಡಗಿತು. ಕೇಂದ್ರವೇ ಭರಿಸಬೇಕಾದ ಆಹಾರ ಸಬ್ಸಿಡಿಯಲ್ಲಿ ಒಂದು ಪಾಲನ್ನು ಹೀಗೆ ನಿಗಮದ ಸಾಲವಾಗಿ ಬರೆಯಲಾಯಿತು. ಅಂದರೆ ಆ ಹೆಂಗಸು ಪಡಿತರ ಅಂಗಡಿಯಿಂದ ತಂದ ಅಕ್ಕಿಯ ಹಿಂದೆ ಅವಳದೇ ಉಳಿತಾಯದಂಥ ಸಾಲ ನಿಂತಿರಬಹುದು, ಸರ್ಕಾರದ ಕೊರತೆಯಲ್ಲಿ ಮಾತ್ರ ಅದು ಕಾಣದು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಇದಕ್ಕೆ ಆಕ್ಷೇಪ ಎತ್ತಿತು. 2020ರ ಮಾರ್ಚ್ ಹೊತ್ತಿಗೆ ಈ ಬಾಬ್ತಿನ ಸಾಲ 2.5 ಲಕ್ಷ ಕೋಟಿ ಮೀರಿತ್ತು. 3.4 ಎಂಬ ಆ ಚೆಂದದ ಅಂಕಿಯನ್ನು ಓದುವಾಗ ಇದು ನೆನಪಿರಲಿ.

2017ರಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಬಂಡವಾಳ ತುಂಬಲು 1.35 ಲಕ್ಷ ಕೋಟಿಯ ಬಾಂಡ್ ಘೋಷಣೆಯಾಯಿತು, ಅದೂ ಕೊರತೆಗೆ ಸೇರಲಿಲ್ಲ. 2018ರಲ್ಲಿ ಎಚ್‌ಪಿಸಿಎಲ್‌ನ (ಸರ್ಕಾರಿ ತೈಲ ಕಂಪನಿ) ತನ್ನ ಷೇರನ್ನು ಸರ್ಕಾರ ತನ್ನದೇ ಇನ್ನೊಂದು ಕಂಪನಿ ಒಎನ್‌ಜಿಸಿಗೆ 36,915 ಕೋಟಿಗೆ ಮಾರಿ ಜಮೆ ಬರೆದುಕೊಂಡಿತು. ಎಡಗೈಯಿಂದ ಬಲಗೈಗೆ.

ನಿರ್ಮಲಾ ಸೀತಾರಾಮನ್ 2021ರ ಬಜೆಟ್‌ನಲ್ಲಿ ಆಹಾರ ನಿಗಮದ ಆ ಸಾಲವನ್ನು ಲೆಕ್ಕದೊಳಗೆ ತಂದರು. ಹಿಂದಿನ ಬಾಕಿಯೂ ಸೇರಿ 2020-21ರ ಆಹಾರ ಸಬ್ಸಿಡಿಯ ಅಂದಾಜು 1.15 ಲಕ್ಷ ಕೋಟಿಯಿಂದ 4.22 ಲಕ್ಷ ಕೋಟಿಗೆ ಹಿಗ್ಗಿತು. 9.2ರಲ್ಲಿ ಕೋವಿಡ್‌ನ ಪಾಲಿನ ಜೊತೆ ಈ ಹಳೇ ಬಾಕಿಯ ಪಾಲೂ ಇದೆ. ಕೆಟ್ಟದಾಗಿ ಕಾಣುವ ಆ ವರ್ಷದ ಲೆಕ್ಕ ಹಿಂದಿನ ನಾಲ್ಕೈದು ವರ್ಷಗಳದ್ದಕ್ಕಿಂತ ಪ್ರಾಮಾಣಿಕ ಎಂದೇ ನನ್ನ ಎಣಿಕೆ. ಕೊರತೆ ಇಳಿಸಿದವರಿಗಿಂತ ಬಚ್ಚಿಟ್ಟದ್ದನ್ನು ಹೊರಗೆ ತಂದವರಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ, 2010ರವರಿಗೂ, 2021ರವರಿಗೂ.

ನಗದು ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ, ಅದು ನಮ್ಮ ಬಯಲುಸೀಮೆಗೆ ಚೆನ್ನಾಗಿ ಗೊತ್ತು. ಚಿತ್ರದುರ್ಗ, ಜಗಳೂರಿನ ಕಡೆಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ನೆರವು ಘೋಷಣೆಯಾಯಿತು. ದುಡ್ಡು ಬಂದಿಲ್ಲವೆಂದು ರಾಜ್ಯ ಸರ್ಕಾರ ದೂರುತ್ತಲೇ ಬಂದಿದೆ. ಘೋಷಿಸಿ ಬಿಡುಗಡೆ ಮಾಡದ ಹಣವೂ ಕೊರತೆಗೆ ಸೇರದು. ವರ್ಷದ ಕೊನೆಗೆ ಅಷ್ಟರಮಟ್ಟಿಗೆ ಕೊರತೆ ಕಡಿಮೆ ಕಾಣುತ್ತದೆ.