22 ನಿಮಿಷದಲ್ಲಿ ಮುಗಿಯದ ಜಡೆ

2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಬಿಸಿ ವಾಹಿನಿಯ ‘ಬ್ಲ್ಯಾಕ್-ಇಷ್’ ಹಾಸ್ಯ ಧಾರಾವಾಹಿಯ ಸುಮಾರು 22 ನಿಮಿಷದ ಒಂದು ಕಂತಿಗೆ ಕೇಶಾಲಂಕಾರದ ಎಮ್ಮಿ ಪ್ರಶಸ್ತಿ ಬಂತು. ಕಂತಿನ ಹೆಸರು ‘ಹೇರ್ ಡೇ’. ಕೂದಲು ನೇರ ಮಾಡುವ ರಿಲ್ಯಾಕ್ಸರ್ ಸಾಕು ಅನ್ನಿಸಿದ ಮನೆಮಗಳು ಡಯಾನ್, ತಾಯಿ ಮತ್ತು ಅಜ್ಜಿಯ ಜೊತೆ ಸಲೂನ್‌ಗೆ ಹೋಗುವುದೇ ಕಥೆ. ಅದರ ಹಿಂದಿನ ವರ್ಷ ಕ್ಯಾಲಿಫೋರ್ನಿಯಾ ‘ಕ್ರೌನ್’ ಕಾಯ್ದೆ ತಂದು, ಸುರುಳಿ ಕೂದಲು ಅಥವಾ ಜಡೆಯ ಕಾರಣಕ್ಕೆ ಶಾಲೆ, ಕಚೇರಿಗಳಲ್ಲಿ ಭೇದ ಮಾಡುವುದನ್ನು ನಿಷೇಧಿಸಿತ್ತು. 2022ರಲ್ಲಿ ರಿಲ್ಯಾಕ್ಸರ್ ಮತ್ತು ಗರ್ಭಕೋಶದ ಕ್ಯಾನ್ಸರ್ ನಡುವಿನ ನಂಟಿನ ಅಧ್ಯಯನ ಹೊರಬಂತು. ಕಾನೂನು, ಆರೋಗ್ಯ, ಟಿವಿ ಮೂರೂ ಹೀಗೆ ಹೆಣೆದುಕೊಂಡ ಮೇಲೆ, ಕಪ್ಪು ಹುಡುಗಿಯರ ಕೂದಲನ್ನು ಕೌಟುಂಬಿಕ ಹಾಸ್ಯ ಧಾರಾವಾಹಿಗಳು ಹೇಗೆ ತೋರಿಸುತ್ತ ಬಂದವು ಎಂಬ ಚರ್ಚೆಯಲ್ಲಿ ಎಲ್ಲರೂ ಕಥೆಯ ಬಗ್ಗೆ ಮಾತಾಡುತ್ತಾರೆ. ಆದರೆ ಬಹಳಷ್ಟು ಸಲ ಆ ಕೂದಲು ಹೇಗಿರಬೇಕೆಂದು ತೀರ್ಮಾನವಾದದ್ದು ಕಥೆ ಬರೆಯುವಲ್ಲಿ ಅಲ್ಲ, ಮೇಕಪ್ ಕೋಣೆಯ ಕುರ್ಚಿಯಲ್ಲಿ.

ಮೊದಲು ಕೂದಲನ್ನೇ ನೋಡಬೇಕು. ಬಿಗಿ ಸುರುಳಿಯ ಎಳೆಯನ್ನು ಅಡ್ಡ ಕೊಯ್ದರೆ ದುಂಡಗಿರುವುದಿಲ್ಲ, ಚಪ್ಪಟೆ ಅಂಡಾಕಾರ. ನೆತ್ತಿಯ ಎಣ್ಣೆ ಇಷ್ಟು ತಿರುವುಗಳನ್ನು ದಾಟಿ ತುದಿಗೆ ತಲುಪುವುದಿಲ್ಲ, ಹಾಗಾಗಿ ತುದಿ ಸದಾ ಒಣ. ಪ್ರತಿ ತಿರುವೂ ಮುರಿಯಬಹುದಾದ ಜಾಗ. ಒಣಗಿದ್ದಾಗ ಬಾಚಿದರೆ ಬಾಚಣಿಗೆಯ ತುಂಬ ತುಂಡುಗಳೇ ಬರುತ್ತವೆ. ಒದ್ದೆ ಮಾಡಿ, ಕಂಡಿಷನರ್ ಧಾರಾಳವಾಗಿ ಹಚ್ಚಿ, ತಲೆಯನ್ನು 4ರಿಂದ 8 ಭಾಗ ಮಾಡಿಕೊಂಡು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಬುಡದ ಕಡೆಗೆ ಸಿಕ್ಕು ಬಿಡಿಸುತ್ತ ಬರಬೇಕು. ಒಣಗುತ್ತಿದ್ದಂತೆ ಸುರುಳಿ ಕುಗ್ಗುತ್ತದೆ, ಎಳೆದಾಗ 10 ಇಂಚು ಇರುವ ಕೂದಲು 4 ಇಂಚಾಗಿ ಕಾಣುವುದು ಮಾಮೂಲು. ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಮನೆಗಳಲ್ಲಿ ಇಂಥ ಕೂದಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೇರ ಮಾಡಲು ಎರಡು ದಾರಿ. ಒಂದು, ಒಲೆಯ ಮೇಲೆ ಕಾಯಿಸಿದ ಲೋಹದ ಬಾಚಣಿಗೆ. ಇದರ ಪರಿಣಾಮ ತಾತ್ಕಾಲಿಕ, ಬೆವರು ಅಥವಾ ಮಳೆ ತಾಗಿದರೆ ಸುರುಳಿ ಮರಳುತ್ತದೆ. ಕಿವಿಯ ಮೇಲ್ತುದಿ ಸುಡುವುದು ಇದರ ಹಳೆಯ ನೋವು. ಇನ್ನೊಂದು ರಿಲ್ಯಾಕ್ಸರ್. ನಮ್ಮ ಪಾರ್ಲರ್‌ಗಳ ರೀಬಾಂಡಿಂಗ್‌ಗಿಂತ ಇದು ಬೇರೆ ರಸಾಯನ: ಸೋಡಿಯಂ ಹೈಡ್ರಾಕ್ಸೈಡ್, ಅಥವಾ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕ್ರೀಮಿಗೆ ಗ್ವಾನಿಡಿನ್ ಕಾರ್ಬೊನೇಟ್ ದ್ರಾವಣ ಬೆರೆಸಿದ್ದು. ಪಿಎಚ್ 12ರ ಮೇಲೆ, ಅಂದರೆ ತೀವ್ರ ಕ್ಷಾರ. ಕೂದಲಿನೊಳಗಿನ ಗಂಧಕದ ಬಂಧಗಳನ್ನೇ ಅದು ಒಡೆಯುವುದರಿಂದ ಸುರುಳಿ ಮತ್ತೆ ಬರುವುದಿಲ್ಲ. ನೆತ್ತಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ ಹಚ್ಚಬೇಕು. ಹಿಂದಿನ ದಿನ ತಲೆ ಕೆರೆದುಕೊಂಡಿದ್ದರೂ ಉರಿ ಏಳುತ್ತದೆ. 6ರಿಂದ 8 ವಾರಕ್ಕೊಮ್ಮೆ ಹೊಸದಾಗಿ ಬೆಳೆದ ಬುಡಕ್ಕಷ್ಟೇ ಹಚ್ಚಬೇಕು. ಹಿಂದೆ ಹಚ್ಚಿದ ಭಾಗಕ್ಕೆ ಮತ್ತೆ ತಾಗಿದರೆ ಕೂದಲು ಅಲ್ಲೇ ತುಂಡಾಗುತ್ತದೆ. ಇದೇ ರಸಾಯನ ಮಕ್ಕಳ ಚಿತ್ರವಿರುವ ಪೆಟ್ಟಿಗೆಯಲ್ಲೂ, ಮಕ್ಕಳಿಗೆಂದೇ ಮಾರಾಟವಾಯಿತು.

ಟಿವಿಯ ಮೊದಲ ದಶಕಗಳನ್ನು ಒಂದೆರಡು ಮಾತಿನಲ್ಲಿ ದಾಟಬಹುದು. 1963ರಲ್ಲಿ ಸಿಸಿಲಿ ಟೈಸನ್ ಗಂಭೀರ ಧಾರಾವಾಹಿಯೊಂದರಲ್ಲಿ ಗಿಡ್ಡ ಸಹಜ ಕೂದಲಿನಲ್ಲಿ ಕಾಣಿಸಿಕೊಂಡದ್ದು ದೊಡ್ಡ ಸುದ್ದಿಯಾಯಿತು. 1968ರ ‘ಜೂಲಿಯಾ’ ಹಾಸ್ಯ ಧಾರಾವಾಹಿಯ ನಾಯಕಿಯದು ನುಣುಪಾಗಿ ನೇರವಾದ ಕೂದಲು. 70ರ ದಶಕದ ‘ಗುಡ್ ಟೈಮ್ಸ್’ನಲ್ಲಿ ಆಫ್ರೋ, ಅಂದರೆ ತಲೆಯ ಸುತ್ತ ದುಂಡಗೆ ಬಿಟ್ಟ ಸಹಜ ಸುರುಳಿ ಕೂದಲು, ಬಂತು, ದಶಕ ಮುಗಿಯುತ್ತಿದ್ದಂತೆ ಫ್ಯಾಷನ್ನಿನ ಜೊತೆಗೇ ಹೋಯಿತು. 1984ರಿಂದ 92ರವರೆಗೆ ಇಡೀ ಅಮೆರಿಕ ಕೂತು ನೋಡಿದ ‘ದಿ ಕಾಸ್ಬಿ ಶೋ’ದ ವೈದ್ಯ ತಂದೆ, ವಕೀಲ ತಾಯಿಯ ಮನೆಯಲ್ಲಿ ಹೆಣ್ಣುಮಕ್ಕಳ ಕೂದಲು ಬಹುಮಟ್ಟಿಗೆ ನೇರವಾಗಿಯೇ ಇತ್ತು. ಅನುಕೂಲಸ್ಥ ಮನೆಯ ಹುಡುಗಿ ಎಂದರೆ ತಿದ್ದಿದ ತಲೆ ಎಂಬುದು ಆಗ ಯಾರೂ ಬಾಯಿಬಿಟ್ಟು ಹೇಳದ ನಿಯಮ.

ನಿಜವಾದ ತಿರುವು 90ರ ದಶಕದ್ದು. ಯುಪಿಎನ್, ಡಬ್ಲ್ಯೂಬಿಯಂಥ ಹೊಸ ವಾಹಿನಿಗಳು ಕಪ್ಪು ಕುಟುಂಬಗಳ ಹಾಸ್ಯ ಧಾರಾವಾಹಿಗಳನ್ನು ಸಾಲಾಗಿ ತಂದವು. ಹದಿಹರೆಯದ ಹುಡುಗಿಯರೇ ನಾಯಕಿಯರಾದರು. ಆ ಕಾಲದ ಚಿತ್ರೀಕರಣ ಪದ್ಧತಿ ಗೊತ್ತಿಲ್ಲದೆ ಅವರ ಕೂದಲು ಅರ್ಥವಾಗುವುದಿಲ್ಲ. ಮೂರು ನಾಲ್ಕು ಕ್ಯಾಮೆರಾ ಇಟ್ಟು, ವಾರದಲ್ಲಿ ಐದು ದಿನ ಕೆಲಸ. ಮೊದಲ ದಿನ ಎಲ್ಲರೂ ಮೇಜಿನ ಸುತ್ತ ಕೂತು ಓದುವುದು, ನಡುವೆ ತಾಲೀಮು, ಕೊನೆಗೆ ಚಿತ್ರೀಕರಣ. ಒಂದೇ ದೃಶ್ಯವನ್ನು ಗಂಟೆಗಳ ಅಂತರದಲ್ಲಿ ಎರಡು ಸಲ ತೆಗೆದು, ಎರಡರಿಂದಲೂ ತುಣುಕು ಆರಿಸಿ ಜೋಡಿಸುತ್ತಾರೆ. ಬಿಟ್ಟ ಸುರುಳಿ ಕೂದಲು ಅಷ್ಟರಲ್ಲಿ ದೀಪದ ಕಾವಿಗೆ ಒಣಗಿ ಒಂದೆರಡು ಇಂಚು ಮೇಲೇರಿರುತ್ತದೆ. ಒಂದು ಮಾತಿಗೆ ಹುಡುಗಿಯ ಕೂದಲು ಭುಜದ ಮೇಲೆ, ಮರುಮಾತಿಗೆ ಕಿವಿಯ ಹತ್ತಿರ. ಬೆಳಕಿನದು ಇನ್ನೊಂದು ಕಷ್ಟ: ನೇರ ಕೂದಲು ಹೊಳೆಯುತ್ತದೆ, ಬಿಗಿ ಸುರುಳಿ ಬೆಳಕನ್ನು ಹೀರುತ್ತದೆ. ಹಿಂದಿನಿಂದ ಬೇರೆ ದೀಪ ಕೊಡದಿದ್ದರೆ ಗಾಢ ಬಣ್ಣದ ಗೋಡೆಯೆದುರು ತಲೆಯ ಅಂಚೇ ಕಾಣದು. ಆ ದೀಪ ಇಡುವುದು ಕಷ್ಟವೇನಲ್ಲ. ಕೂದಲನ್ನು ಬದಲಿಸುವುದು ದೀಪ ಬದಲಿಸುವುದಕ್ಕಿಂತ ಸುಲಭ ಎಂದು ಕಂಡಿತು, ಅಷ್ಟೆ.

‘ಮೊಯೀಶಾ’ (1996–2001) ಈ ತೊಡಕನ್ನು ದಾಟಿದ ರೀತಿ ಗಮನಿಸಬೇಕಾದದ್ದು. ನಾಯಕಿ ಬ್ರ್ಯಾಂಡಿಯ ಸಣ್ಣ ಸಣ್ಣ ಜಡೆಗಳು ಪಾತ್ರದ ಗುರುತೇ ಆದವು. ‘ಬಾಕ್ಸ್ ಬ್ರೇಡ್’ ಎನ್ನುವ ಇಂಥ ಜಡೆ ಹಾಕುವಾಗ ನೆತ್ತಿಯನ್ನು ಚೌಕ ಚೌಕವಾಗಿ ಬೈತಲೆ ತೆಗೆದು, ಪ್ರತಿ ಚೌಕದ ಕೂದಲಿಗೆ ಕೃತಕ ಎಳೆ ಸೇರಿಸಿ, ಮೂರೆಳೆಯಾಗಿ ತುದಿಯವರೆಗೆ ಹೆಣೆಯಬೇಕು. ಸಣ್ಣ ಜಡೆಗಳಾದರೆ 4ರಿಂದ 8 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಹಾಕಿಸಿಕೊಂಡರೆ 6ರಿಂದ 8 ವಾರ ನಿಶ್ಚಿಂತೆ. ಕುಗ್ಗುವುದಿಲ್ಲ, ಎರಡು ಟೇಕ್‌ಗಳ ನಡುವೆ ರೂಪ ಕೆಡುವುದಿಲ್ಲ. ಜಡೆ ಅಭಿಮಾನದ ಗುರುತಾಗಿತ್ತು ನಿಜ, ಚಿತ್ರೀಕರಣಕ್ಕೂ ಒಗ್ಗಿತು. ದೇಶದ ಎಷ್ಟೋ ಹುಡುಗಿಯರಿಗೆ ತಮ್ಮದೇ ತಲೆ ಪ್ರತಿವಾರ ಟಿವಿಯಲ್ಲಿ ಕಂಡಿತು. ತೆರೆಗೆ ಬಾರದ್ದು ಇಷ್ಟು: ಬುಡ ಬಿಗಿದರೆ ಹಣೆಯಂಚಿನ ನವಿರು ಕೂದಲು ಬೇರುಸಹಿತ ಬರುತ್ತದೆ. ಎರಡು ತಿಂಗಳು ಮೀರಿ ಬಿಟ್ಟರೆ ಉದುರಿದ ಕೂದಲು, ಧೂಳು ಬುಡದಲ್ಲಿ ಗಂಟುಕಟ್ಟುತ್ತದೆ. ನೆತ್ತಿ ಎಳೆದು ತಲೆನೋವು ಬಂದರೆ ಮಾತ್ರೆ ನುಂಗುವುದಲ್ಲ, ಜಡೆ ಬಿಚ್ಚಬೇಕು. ಇಡೀ ದಿನ ಹಿಂದೆ ನಿಂತು ಹೆಣೆದವಳಂತೂ ಕಥೆಯಲ್ಲಿ ಪಾತ್ರವೇ ಅಲ್ಲ.

ಅದೇ ಕಾಲದ ‘ಸಿಸ್ಟರ್, ಸಿಸ್ಟರ್’ (1994–99) ಎದುರು ದಿಕ್ಕಿನಲ್ಲಿ ನಡೆಯಿತು. ಅವಳಿಗಳಾದ ಟಿಯಾ ಮತ್ತು ಟಮೆರಾ ಮೌರಿ ಮೊದಲ ಸೀಸನ್‌ಗಳಲ್ಲಿ ತುಂಬು ಗುಂಗುರು ಕೂದಲಿನ ಹುಡುಗಿಯರು. ಪಾತ್ರಗಳು ದೊಡ್ಡವರಾದಂತೆ, ಕಾಲೇಜು ಹತ್ತಿರವಾದಂತೆ, ಕೂದಲು ನೇರವಾಯಿತು. ಗುಂಗುರು ಎಂದರೆ ಬಾಲ್ಯ, ನೇರ ಎಂದರೆ ಪ್ರಬುದ್ಧತೆ ಎಂದು ಯಾವ ಸಂಭಾಷಣೆಯೂ ಹೇಳಲಿಲ್ಲ. ನೋಡುತ್ತಿದ್ದ ಹತ್ತು ವರ್ಷದ ಹುಡುಗಿಗೆ ಹೇಳುವ ಅಗತ್ಯವೂ ಇರಲಿಲ್ಲ.

ಮುಂದಿನ ದಶಕ ಹೆಚ್ಚಿನದೇನನ್ನೂ ಸೇರಿಸಲಿಲ್ಲ. 2010ರಲ್ಲಿ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನ ಪುಟ್ಟ ಬೊಂಬೆಯೊಂದು ತನ್ನ ಕೂದಲು ತನಗಿಷ್ಟ ಎಂದು ಹಾಡಿದ್ದು ದೊಡ್ಡವರಲ್ಲೂ ಕಣ್ಣೀರು ತರಿಸಿತು. ಅದನ್ನು ಬರೆದವರು ಇಥಿಯೋಪಿಯಾದಿಂದ ದತ್ತು ಪಡೆದ ಮಗಳಿದ್ದ ಜೋಯಿ ಮಜರಿನೋ. 2014ರಲ್ಲಿ ‘ಬ್ಲ್ಯಾಕ್-ಇಷ್’ ಬಂತು. ತಾಯಿಯ ಪಾತ್ರದಲ್ಲಿ ಟ್ರೇಸಿ ಎಲ್ಲಿಸ್ ರಾಸ್ ತಮ್ಮ ಸಹಜ ಗುಂಗುರಿನಲ್ಲೇ ಇದ್ದರು. ಮಗಳು ಡಯಾನ್‌ಳ ತಲೆ ಕಥೆಯ ನಡುವಿಗೆ ಬರಲು ಆರನೆಯ ಸೀಸನ್ ಬೇಕಾಯಿತು. ಬಂದಾಗ ಮಾತ್ರ ಆ ಕಂತು ಚೊಕ್ಕವಾಗಿ ಬಂತು. ಸಲೂನ್ ಅನ್ನು ಅದು ಶಿಕ್ಷೆಯ ಜಾಗವಾಗಿ ತೋರಿಸಲಿಲ್ಲ, ಮೂರು ತಲೆಮಾರಿನ ಹೆಂಗಸರು ಕೂತು ಮಾತಾಡುವ ಜಾಗವಾಗಿ ತೋರಿಸಿತು.

ಇಷ್ಟಾದರೂ ಎರಡು ಕೊರತೆ ಉಳಿದಿವೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ವರ್ಗೀಕರಣದಲ್ಲಿ ಗುಂಗುರನ್ನು 3, ಬಿಗಿ ಸುರುಳಿಯನ್ನು 4 ಎನ್ನುತ್ತಾರೆ, ಅತಿ ಬಿಗಿಯಾದದ್ದು 4ಸಿ. ತೆರೆಯ ಮೇಲೆ ‘ಸಹಜ’ ಎಂದು ಮೆಚ್ಚುಗೆ ಪಡೆದದ್ದು ಹೆಚ್ಚಾಗಿ 3. 4ಸಿ ಕೂದಲಿನ ಹುಡುಗಿಗೆ ಜಡೆಯೋ ವಿಗ್ಗೋ ಸಿಗುತ್ತದೆ, ಬಿಚ್ಚಿದ ಕೂದಲು ಸಿಗುವುದು ಅಪರೂಪ. ಎರಡನೆಯದು ರಾತ್ರಿಯ ದೃಶ್ಯ. ಹತ್ತಿಯ ದಿಂಬು ಕೂದಲಿನ ತೇವ ಹೀರಿ ಎಳೆಗಳನ್ನು ಉಜ್ಜುತ್ತದೆ. ಅದಕ್ಕೇ ಮಲಗುವ ಮುಂಚೆ ಸ್ಯಾಟಿನ್ ಟೊಪ್ಪಿಗೆ ಹಾಕುವುದು ಆ ಮನೆಗಳಲ್ಲಿ ಹಲ್ಲುಜ್ಜುವಷ್ಟೇ ಸಹಜ. ಧಾರಾವಾಹಿಗಳ ಹುಡುಗಿಯರು ದಶಕಗಟ್ಟಲೆ ತಲೆ ಬಿಟ್ಟುಕೊಂಡೇ ಮಲಗಿದರು, ಬೆಳಿಗ್ಗೆ ಒಂದು ಎಳೆಯೂ ಕೆಡದೆ ಎದ್ದರು.

ಆರೋಗ್ಯದ ಅಂಕಿಗಳನ್ನೂ ಇಲ್ಲೇ ಹೇಳಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ 2022ರ ಅಧ್ಯಯನ 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿತು. ಕೂದಲು ನೇರ ಮಾಡುವ ರಾಸಾಯನಿಕ ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 1.64, ಪದೇ ಪದೇ ಬಳಸುವವರಲ್ಲಿ ಶೇ 4.05 ಎಂದು ಅಂದಾಜಿಸಿತು. ಇದು ನಂಟು, ಕಾರಣವೆಂದು ಸಾಬೀತಾದದ್ದಲ್ಲ. ಆದರೂ ಎಷ್ಟೋ ತಾಯಂದಿರು ಮಗಳ ತಲೆಗೆ ಹಚ್ಚುವುದನ್ನು ನಿಲ್ಲಿಸಲು ಇಷ್ಟೇ ಸಾಕು.

ನಿಲ್ಲಿಸಿದ ಮೇಲೆ ಏನಾಗುತ್ತದೆ ಎಂಬ ಕಥೆ ತೆರೆಯ ಮೇಲೆ ಇನ್ನೂ ಬರಬೇಕಿದೆ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂ.ಮೀ. ಬುಡದಲ್ಲಿ ಸುರುಳಿ, ತುದಿಯಲ್ಲಿ ನೇರ, ಎರಡೂ ಸೇರುವ ಜಾಗ ದಾರದಷ್ಟು ದುರ್ಬಲ. ಅಲ್ಲಿ ಬಾಚಣಿಗೆ ಸಿಕ್ಕಿದರೆ ಮುರಿಯುತ್ತದೆ. ಒಂದೇ ಸಲ ಕತ್ತರಿಸಿ ಗಿಡ್ಡ ಕೂದಲಿನಲ್ಲಿ ಶಾಲೆಗೆ ಹೋಗಬೇಕು, ಇಲ್ಲವೇ ಪ್ರತಿ ತಿಂಗಳು ತುದಿ ಕತ್ತರಿಸುತ್ತ, ಜಡೆಯಲ್ಲಿ ಆ ಸೇರುವೆಯನ್ನು ಕಾಪಾಡುತ್ತ ಕಾಯಬೇಕು. 20 ಸೆಂ.ಮೀ. ಸಹಜ ಕೂದಲಿಗೆ 20 ತಿಂಗಳು, ಅಂದರೆ ಧಾರಾವಾಹಿಯ ಹೆಚ್ಚುಕಡಿಮೆ ಎರಡು ಸೀಸನ್.