ಗಜನಿಯ ಕೆಸರಿನಲ್ಲಿ ಕಬ್ಬಿಣ, ಗಂಧಕ ಮತ್ತು ಕಟ್ಟೆ

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿಗಳ, ಅಂದರೆ ಉಬ್ಬರದ ಉಪ್ಪುನೀರು ಮುಟ್ಟುವ ತಗ್ಗು ಗದ್ದೆಗಳ, ಚರಿತ್ರೆ ಎಂದರೆ ಆ ನೀರನ್ನು ತಡೆಯುವ ಕಟ್ಟೆಗಳ ಚರಿತ್ರೆ ಎಂದೇ ಎಲ್ಲರೂ ಹೇಳುತ್ತಾರೆ. ಕಟ್ಟೆ ಬದಲಾದಾಗಲೆಲ್ಲ ಅದರೊಳಗಿನ ಕೆಸರಿನ ಸ್ವಭಾವವೂ ಬದಲಾಗುತ್ತದೆ ಎಂಬುದು ಮಾತ್ರ ಚರ್ಚೆಗೆ ಬರುವುದೇ ಇಲ್ಲ.

ಇಲ್ಲಿ ಜಂಬಿಟ್ಟಿಗೆ ಗುಡ್ಡಗಳಿಂದ ಹೊಳೆ ಕಬ್ಬಿಣ ತರುತ್ತದೆ. ಸಮುದ್ರದ ಉಬ್ಬರ ಸಲ್ಫೇಟ್ ತರುತ್ತದೆ, ಲೀಟರಿಗೆ ಸುಮಾರು 2.7 ಗ್ರಾಂ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಬೇಗ ತೀರಿಹೋಗುತ್ತದೆ. ಆಗ ಸೂಕ್ಷ್ಮಜೀವಿಗಳು ಮೊದಲು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣಗಳನ್ನೂ ಅನಂತರ ಸಲ್ಫೇಟನ್ನೂ ಉಸಿರಾಟಕ್ಕೆ ಬಳಸುತ್ತವೆ. ತುಕ್ಕಿನ ಬಣ್ಣದ ಕಬ್ಬಿಣ ನೀರಿನಲ್ಲಿ ಕರಗುತ್ತದೆ, ಅದಕ್ಕಂಟಿದ್ದ ರಂಜಕ ಬಿಡುಗಡೆಯಾಗಿ ಪೈರಿಗೆ ಸಿಗುತ್ತದೆ. ಸಲ್ಫೇಟಿನಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಬೇರನ್ನು ಕೊಳೆಸುವ ವಿಷ. ಕಬ್ಬಿಣ ಸಾಕಷ್ಟಿದ್ದರೆ ಅದನ್ನು ಕಪ್ಪು ಸಲ್ಫೈಡಾಗಿ ಕಟ್ಟಿಹಾಕುತ್ತದೆ. ಗಜನಿಯ ಕೆಸರನ್ನು ಹಾರೆಯಿಂದ ಸೀಳಿದರೆ ಇದು ಕಣ್ಣಿಗೇ ಕಾಣುತ್ತದೆ: ಮೇಲೆ ತೆಳ್ಳಗಿನ ಕಂದು ಪದರ, ಅದರಡಿ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು, ಆ ಕಪ್ಪಿನ ನಡುವೆ ಬೇರಿನ ಸುತ್ತ ಕೆಂಪು ಕವಚ. ಭತ್ತದ ಬೇರು ಎಲೆಯಿಂದ ಇಳಿಸಿಕೊಂಡ ಗಾಳಿ ಹೊರಸೂಸಿದಲ್ಲಿ ಕರಗಿದ ಕಬ್ಬಿಣ ಮತ್ತೆ ತುಕ್ಕಾಗುತ್ತದೆ.

ಮಳೆಗಾಲದಲ್ಲಿ ಸಿಹಿನೀರು ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಸ್ಥಳೀಯ ತಳಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ. ಮಾಣಿಕಟ್ಟಾದಂಥ ಊರುಗಳು ಪಾಲಿಸಿದ ಈ ಕ್ರಮದಲ್ಲಿ ನೆಲ ದೀರ್ಘಕಾಲ ಒಣಗುವ ಸಂದರ್ಭ ಕಡಿಮೆ. ಊರವರ ಮಣ್ಣಿನ ಕಟ್ಟೆಗಳ ಜಾಗದಲ್ಲಿ ಸರ್ಕಾರದ ಶಾಶ್ವತ ಕಟ್ಟೆಗಳು ಬಂದವು. 1990ರ ದಶಕದಲ್ಲಿ ಸಿಗಡಿ ಹೊಂಡಗಳು ಬಂದಾಗ ಈ ಕ್ರಮಕ್ಕೇ ಪೆಟ್ಟು ಬಿತ್ತು. ಹೊಂಡ ತೋಡಿದರೆ ಆಳದ ಕೆಸರು ಮೇಲೆ ಬರುತ್ತದೆ. ಹೊಂಡ ಪಾಳುಬಿದ್ದರೆ ಆ ಕೆಸರು ಬಿಸಿಲಿಗೆ ಒಣಗುತ್ತದೆ.

ಅಪಾಯವಿರುವುದು ಇಲ್ಲೇ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೆಳೆದ ಹಳೆಯ ಕೆಸರಿನಲ್ಲಿ ಕಬ್ಬಿಣ–ಗಂಧಕಗಳ ಖನಿಜ ಪೈರೈಟ್ ಶೇಖರವಾಗುತ್ತದೆ. ನೀರಿನಡಿ ಇರುವಷ್ಟು ಕಾಲ ಅದು ನಿರಪಾಯಕಾರಿ. ಗಾಳಿ ತಗುಲಿದರೆ ಗಂಧಕಾಮ್ಲವಾಗುತ್ತದೆ, ಮಣ್ಣಿನ ಪಿಎಚ್ (ಹುಳಿಯ ಅಳತೆ; ಅದು ಇಳಿದಷ್ಟೂ ಹುಳಿ ಹೆಚ್ಚು) 4ಕ್ಕಿಂತ ಕೆಳಗಿಳಿಯಬಹುದು, ಜೇಡಿಯಿಂದ ಅಲ್ಯುಮಿನಿಯಂ ಕರಗಿ ಬೇರು, ಮೀನು ಎರಡಕ್ಕೂ ವಿಷವಾಗುತ್ತದೆ. ಕೇರಳದ ಕುಟ್ಟನಾಡಿನ ಕರಿ ಮಣ್ಣಿನ ರೈತರಿಗೆ ಈ ಹುಳಿ ಚೆನ್ನಾಗಿ ಗೊತ್ತು.

ಹಾಗಾಗಿ ಕಟ್ಟೆ ದುರಸ್ತಿಯನ್ನು ಬರೀ ಕಲ್ಲು–ಮಣ್ಣಿನ ಕಾಮಗಾರಿ ಎಂದು ನೋಡುವುದನ್ನು ನಾನು ಒಪ್ಪುವುದಿಲ್ಲ. ತೋಡುವ ಮೊದಲು ಆಳದ ಕೆಸರಿನ ತುಣುಕನ್ನು ತೇವವಾಗಿಟ್ಟು ಕೆಲವು ವಾರ ಗಾಳಿಗೊಡ್ಡಿ ಪಿಎಚ್ ಅಳೆಯಬೇಕು. ಅದು 4ಕ್ಕಿಂತ ಕೆಳಗೆ ಕುಸಿದರೆ ಆ ನೆಲವನ್ನು ನೀರಿನಡಿಯೇ ಬಿಡಬೇಕು. ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಈ ಪರೀಕ್ಷೆಗೂ ಒಂದು ಸಾಲು ಇರಲಿ.